ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ: ಔಷಧಗಳನ್ನು ಹೋಲಿಸಿ ಆರಿಸುವ ಕ್ರಮ

ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ ಅಂದಾಗ ಹೆಚ್ಚಿನವರು ಮೊದಲು ಕೇಳುವುದು "ಯಾವ ಮಾತ್ರೆ ಒಳ್ಳೇದು?" ಅಂತ. ಪಕ್ಕದ ಮನೆಯವರಿಗೆ ಒಂದು ಮಾತ್ರೆಯಲ್ಲಿ ನಿಂತಿರುತ್ತದೆ. ಅದನ್ನೇ ತಂದು ನುಂಗಿದರೆ ತಮಗೆ ನಿಲ್ಲುವುದಿಲ್ಲ. ಎರಡನೇ ತಿಂಗಳು ಇನ್ನೊಂದು ಮಾತ್ರೆ, ಮೂರನೇ ತಿಂಗಳು ಡಾಕ್ಟರೇ ಬೇರೆ. ಆರು ತಿಂಗಳಾಗುವಷ್ಟರಲ್ಲಿ "ಎಲ್ಲಾ ಔಷಧಿ ನೋಡಾಯ್ತು, ಗರ್ಭಕೋಶ ತೆಗೆಸಿಬಿಡೋಣ" ಎನ್ನುವ ಮಾತು ಬರುತ್ತದೆ. ಕೂರಿಸಿಕೊಂಡು ಕೇಳಿದರೆ, ಒಂದು ಔಷಧವನ್ನೂ ಸರಿಯಾದ ದಿನ ಶುರು ಮಾಡಿ, ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ತಿಂಗಳು ತೆಗೆದುಕೊಂಡಿರುವುದಿಲ್ಲ.

ಹಾಗಾಗಿ ಇಲ್ಲಿ ಮಾತ್ರೆಗಳ ಹೆಸರಿನಿಂದ ಶುರು ಮಾಡುವುದಿಲ್ಲ. ಮೊದಲು ಅಳತೆ, ಆಮೇಲೆ ಕಾರಣ, ಆಮೇಲೆ ನಿಮಗೇನು ಬೇಕು ಅನ್ನುವುದು. ಔಷಧದ ಸರದಿ ಅದಾದ ಮೇಲೆ. ಇದನ್ನು ಓದಿ ನೇರ ಮೆಡಿಕಲ್ ಶಾಪಿಗೆ ಹೋಗಬೇಡಿ. ಡಾಕ್ಟರ ಎದುರು ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಎಂದು ಗೊತ್ತಿರಲಿ ಅಂತ ಬರೆದಿದ್ದೇನೆ.

ಇವು ಇದ್ದರೆ ಓದುವುದನ್ನು ಬಿಟ್ಟು ಆಸ್ಪತ್ರೆಗೆ ಹೊರಡಿ

- ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತಿದೆ, ಎರಡು ಗಂಟೆ ದಾಟಿದರೂ ಹಾಗೇ ಇದೆ.
- ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ, ಎದೆ ಡವಡವ ಅನ್ನುತ್ತದೆ, ನಾಲ್ಕು ಮೆಟ್ಟಿಲಿಗೇ ಏದುಸಿರು.
- ಮುಟ್ಟು ತಡವಾಗಿ ಬಂದು ಜೋರಾಗಿ ಹೋಗುತ್ತಿದೆ, ಬಸಿರಾಗಿರುವ ಸಾಧ್ಯತೆ ಇದೆ.

ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಸಂಭೋಗದ ನಂತರ ರಕ್ತ ಬಂದರೆ, ಎರಡು ಮುಟ್ಟಿನ ನಡುವೆ ಆಗಾಗ ಕಂಡರೆ ಅದು ಅವತ್ತೇ ಓಡುವ ತುರ್ತಲ್ಲ. ಆದರೆ ಅದು "ಮುಟ್ಟು ಜಾಸ್ತಿ" ಎನ್ನುವ ಸಮಸ್ಯೆಯೂ ಅಲ್ಲ. ಅದಕ್ಕೆ ಬೇರೆಯದೇ ತಪಾಸಣೆ ಬೇಕು. ಆ ವಾರದಲ್ಲೇ ತೋರಿಸಿ.

ಬೇಕಾಗುವ ಸಾಮಾನು

ಒಂದು ಸಣ್ಣ ನೋಟ್‌ಬುಕ್. ಗೋಡೆ ಕ್ಯಾಲೆಂಡರಿನಲ್ಲಿ ಚುಕ್ಕೆ ಇಡುವ ಅಭ್ಯಾಸವಿದ್ದರೆ ಅದೂ ಆಗುತ್ತದೆ, ಆದರೆ ಚುಕ್ಕೆ ದಿನವನ್ನು ಮಾತ್ರ ಹೇಳುತ್ತದೆ, ಪ್ರಮಾಣವನ್ನು ಹೇಳುವುದಿಲ್ಲ. ಹಳೆಯ ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ರಿಪೋರ್ಟುಗಳು. ಇಲ್ಲಿಯವರೆಗೆ ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು ("ಬಿಳಿ ಮಾತ್ರೆ, ಉದ್ದಕ್ಕಿತ್ತು" ಎಂದರೆ ಯಾರಿಗೂ ಗೊತ್ತಾಗುವುದಿಲ್ಲ). ಇತ್ತೀಚೆಗೆ ನೋಡಿಸಿದ ಬಿಪಿ. ಬೇರೆ ಕಾಯಿಲೆಗೆ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು.

ಹಂತ 1: ಎಷ್ಟು ಹೋಗುತ್ತಿದೆ ಎಂದು ಅಳೆಯಿರಿ

ಒಂದು ಮುಟ್ಟಿನಲ್ಲಿ 80 ಮಿ.ಲೀ.ಗಿಂತ ಹೆಚ್ಚು ರಕ್ತ ಹೋದರೆ ಜಾಸ್ತಿ ಎಂಬುದು ಹಳೆಯ ಲೆಕ್ಕ. ಮನೆಯಲ್ಲಿ ಮಿ.ಲೀ. ಅಳೆಯುವವರು ಯಾರು? ಈಗ ಡಾಕ್ಟರುಗಳು ಕೇಳುವುದು ಬೇರೆ: ಇದರಿಂದ ನಿಮ್ಮ ಕೆಲಸ, ನಿದ್ದೆ, ಓಡಾಟ ಕೆಡುತ್ತಿದೆಯೇ? ಕೆಡುತ್ತಿದ್ದರೆ ಚಿಕಿತ್ಸೆಗೆ ಅಷ್ಟೇ ಕಾರಣ ಸಾಕು. ಬಟ್ಟೆ ಕಲೆಯಾಗುತ್ತದೆಂದು ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋಗುವುದು, ರಾತ್ರಿ ಎರಡು ಸಲ ಎದ್ದು ಪ್ಯಾಡ್ ಬದಲಿಸುವುದು, ಒಂದರ ಮೇಲೊಂದು ಎರಡು ಪ್ಯಾಡ್ ಇಡುವುದು, ಏಳು ದಿನ ದಾಟುವುದು: ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಆದರೂ ಒಂದು ಅಂಕಿ ಬೇಕೇ ಬೇಕು. ಇಲ್ಲದಿದ್ದರೆ ಔಷಧ ಕೆಲಸ ಮಾಡಿತೋ ಇಲ್ಲವೋ ಎಂದು ಹೋಲಿಸುವುದು ಯಾವುದರ ಜೊತೆ? ಅದಕ್ಕೆ ಪ್ಯಾಡ್ ಲೆಕ್ಕದ ಒಂದು ಪದ್ಧತಿ 1990ರಿಂದ ಬಳಕೆಯಲ್ಲಿದೆ. ಪ್ಯಾಡ್ ಬದಲಿಸುವಾಗೆಲ್ಲ ಅಂಕ ಬರೆಯಿರಿ. ಸ್ವಲ್ಪ ಮಾತ್ರ ಕಲೆಯಾಗಿದ್ದರೆ 1, ಅರ್ಧದಷ್ಟು ನೆನೆದಿದ್ದರೆ 5, ಪೂರ್ತಿ ನೆನೆದಿದ್ದರೆ 20. ಒಂದು ರೂಪಾಯಿ ನಾಣ್ಯದಷ್ಟು ಹೆಪ್ಪು ಬಿದ್ದರೆ 1, ಹತ್ತು ರೂಪಾಯಿ ನಾಣ್ಯದಷ್ಟು ಅಥವಾ ಅದಕ್ಕಿಂತ ದೊಡ್ಡದಾದರೆ 5. ಮುಟ್ಟು ಮುಗಿದ ಮೇಲೆ ಕೂಡಿಸಿ. 100 ದಾಟಿದರೆ ಜಾಸ್ತಿ ಎಂದು ತಿಳಿಯಬಹುದು.

ಇಲ್ಲಿ ಆಗುವ ತಪ್ಪು ಒಂದೇ. ಈ ತಿಂಗಳು ಮಾಮೂಲಿ ಪ್ಯಾಡ್, ಮುಂದಿನ ತಿಂಗಳು ದೊಡ್ಡ ಪ್ಯಾಡ್. ಅಂಕ ಇಳಿಯುತ್ತದೆ, ರಕ್ತ ಇಳಿದಿರುವುದಿಲ್ಲ. ಒಂದೇ ಅಳತೆಯ ಪ್ಯಾಡ್ ಬಳಸಿ. ಬಟ್ಟೆ ಬಳಸುವವರೂ ಒಂದೇ ಅಳತೆಯ ಬಟ್ಟೆ ಇಟ್ಟುಕೊಂಡು ಇದೇ ಲೆಕ್ಕ ಹಾಕಬಹುದು. ಮುಟ್ಟಿನ ಕಪ್ ಬಳಸುವವರು ಅದೃಷ್ಟವಂತರು, ಗೆರೆ ನೋಡಿ ಮಿ.ಲೀ. ಬರೆದುಕೊಂಡರಾಯಿತು.

ಹಂತ 2: ಕಾರಣ ಹುಡುಕಿಸಿ

ಈ ಹಂತವನ್ನು ಹಾರಿಸುವವರೇ ಜಾಸ್ತಿ. ಹೆಚ್ಚು ರಕ್ತ ಹೋಗುವುದು ಒಂದು ಕಾಯಿಲೆಯ ಹೆಸರಲ್ಲ. ಅದು ಲಕ್ಷಣ. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ 2011ರಲ್ಲಿ ಕಾರಣಗಳನ್ನು ಒಂಬತ್ತು ಗುಂಪು ಮಾಡಿತು. ನಾಲ್ಕು ಗುಂಪು ಗರ್ಭಕೋಶದ ರಚನೆಗೆ ಸಂಬಂಧಿಸಿದವು: ಪಾಲಿಪ್ (ಒಳಪದರದಲ್ಲಿ ಬೆಳೆಯುವ ಸಣ್ಣ ಕುಡಿ), ಗರ್ಭಕೋಶದ ಗೋಡೆಯೊಳಗೇ ಒಳಪದರ ಬೆಳೆಯುವುದು, ಫೈಬ್ರಾಯ್ಡ್ (ಗರ್ಭಕೋಶದ ಮಾಂಸದ ಗಡ್ಡೆ), ಕ್ಯಾನ್ಸರ್ ಅಥವಾ ಅದರ ಮುನ್ನಿನ ಸ್ಥಿತಿ. ಉಳಿದ ಐದು ಸ್ಕ್ಯಾನಿಂಗಿನಲ್ಲಿ ಕಾಣಿಸುವಂಥವಲ್ಲ. ರಕ್ತ ಹೆಪ್ಪುಗಟ್ಟುವುದರಲ್ಲಿ ದೋಷ, ಅಂಡ ಸರಿಯಾಗಿ ಬಿಡುಗಡೆಯಾಗದಿರುವುದು, ಔಷಧಗಳಿಂದ ಆಗುವುದು, ಇಂಥವು.

ನಮ್ಮಲ್ಲಿ ಒಂದು ಮಾತಿನ ಗೊಂದಲವೂ ಇದೆ. "ಗಡ್ಡೆ ಹೋಗ್ತಿದೆ" ಎಂದರೆ ಹೆಪ್ಪುಗಟ್ಟಿದ ರಕ್ತ. "ಗಡ್ಡೆ ಇದೆ" ಎಂದರೆ ಫೈಬ್ರಾಯ್ಡ್. ಇವೆರಡೂ ಬೇರೆ. ಹೆಪ್ಪು ಬಿದ್ದ ಮಾತ್ರಕ್ಕೆ ಗರ್ಭಕೋಶದಲ್ಲಿ ಗಡ್ಡೆ ಇದೆ ಎಂದಲ್ಲ. ಡಾಕ್ಟರಿಗೆ ಹೇಳುವಾಗ "ರಕ್ತ ಹೆಪ್ಪುಗಟ್ಟಿ ಬೀಳುತ್ತದೆ" ಎಂದೇ ಹೇಳಿ.

ಸಾಮಾನ್ಯವಾಗಿ ಕೇಳುವ ಪರೀಕ್ಷೆಗಳು ಇವು: ಹಿಮೋಗ್ಲೋಬಿನ್ ಸೇರಿದ ಪೂರ್ಣ ರಕ್ತ ಪರೀಕ್ಷೆ, ಬಸಿರಿನ ಪರೀಕ್ಷೆ, ಸ್ಕ್ಯಾನಿಂಗ್. ಸುಸ್ತು, ತೂಕದ ಏರುಪೇರು, ಚಳಿ ತಡೆಯಲಾಗದಿರುವುದು ಇದ್ದರೆ ಥೈರಾಯ್ಡ್. 45 ದಾಟಿದ್ದರೆ, ಅಥವಾ ಚಿಕ್ಕವರಾದರೂ ತೂಕ ತುಂಬಾ ಜಾಸ್ತಿ ಇದ್ದು ಮುಟ್ಟು ಏರುಪೇರಾಗಿದ್ದರೆ, ಒಳಪದರದ ಚೂರು ತೆಗೆದು ನೋಡುವ ಬಯಾಪ್ಸಿ ಬೇಕಾಗಬಹುದು. ಬಯಾಪ್ಸಿ ಅಂದ ಕೂಡಲೇ ಗಾಬರಿಯಾಗಬೇಡಿ. ಅದನ್ನು ಮಾಡದೆ ವರ್ಷಗಟ್ಟಲೆ ಹಾರ್ಮೋನ್ ಮಾತ್ರೆ ನುಂಗುವುದೇ ಹೆಚ್ಚು ಅಪಾಯ.

ಮೊದಲ ಮುಟ್ಟಿನಿಂದಲೇ ಜೋರಾಗಿ ಹೋಗುವ ಹುಡುಗಿಯರ ವಿಷಯ ಬೇರೆ. ಮೂಗಿನಿಂದ, ವಸಡಿನಿಂದಲೂ ರಕ್ತ ಬರುತ್ತದೆಯೇ? ಹಲ್ಲು ಕೀಳಿಸಿದಾಗ ರಕ್ತ ಬೇಗ ನಿಲ್ಲಲಿಲ್ಲವೇ? ಮನೆಯಲ್ಲಿ ಅಮ್ಮನಿಗೋ ಚಿಕ್ಕಮ್ಮನಿಗೋ ಹೀಗೇ ಇತ್ತೇ? ಹೌದಾದರೆ ವಾನ್ ವಿಲೆಬ್ರಾಂಡ್ ಎಂಬ ರಕ್ತದ ದೋಷದ ಪರೀಕ್ಷೆ ಕೇಳಿ. "ವಯಸ್ಸಿಗೆ ಬಂದಾಗ ಎಲ್ಲರಿಗೂ ಹೀಗೇ" ಎಂದು ಸುಮ್ನೆ ಕೂರಬೇಡಿ.

ಕಾಪರ್-ಟಿ ಹಾಕಿಸಿದ್ದರೆ ಅದರಿಂದಲೇ ರಕ್ತ ಜಾಸ್ತಿಯಾಗಬಹುದು. ಹೃದಯಕ್ಕೋ ಲಕ್ವಕ್ಕೋ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದೂ ಕಾರಣ. ಅದನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ.

ಹಂತ 3: ರಕ್ತಹೀನತೆಗೆ ಇವತ್ತೇ ಶುರು ಮಾಡಿ

ಬಸಿರಿಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ಇದು ಕಂಡಿತ್ತು. ಸುತ್ತ ಎಲ್ಲರೂ ಸುಸ್ತಾಗಿಯೇ ಇದ್ದರೆ ಸುಸ್ತೇ ಸಹಜ ಅನ್ನಿಸಿಬಿಡುತ್ತದೆ, ಅಲ್ವಾ?

ರಕ್ತ ನಿಲ್ಲಿಸುವ ಔಷಧ ಕಬ್ಬಿಣದ ಕೊರತೆ ತುಂಬುವುದಿಲ್ಲ. ಎರಡೂ ಜೊತೆಗೇ ನಡೆಯಬೇಕು. ಕಬ್ಬಿಣದ ಮಾತ್ರೆಯನ್ನು ಊಟವಾದ ಕೂಡಲೇ ಕಾಫಿ ಜೊತೆ ನುಂಗಿದರೆ ಅರ್ಧಕ್ಕರ್ಧ ದಂಡ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳಿಂದ ಒಂದೆರಡು ಗಂಟೆ ದೂರವಿಡಿ. ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಒಳ್ಳೆಯದು. ಹೊಟ್ಟೆ ತೊಳಸಿದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಕೇಳಿ. ಮಲ ಕಪ್ಪಾಗುವುದು ಸಹಜ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು, ಇಲ್ಲದಿದ್ದರೆ ದಾಸ್ತಾನು ತುಂಬುವುದಿಲ್ಲ.

ಹಂತ 4: ಮೂರು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ

ಒಂದು, ಹತ್ತಿರದಲ್ಲಿ ಮಗು ಬೇಕೇ? ಬೇಕಾದರೆ ಹಾರ್ಮೋನ್ ಔಷಧಗಳಲ್ಲಿ ಹೆಚ್ಚಿನವು ಪಟ್ಟಿಯಿಂದ ಹೊರಗೆ.

ಎರಡು, ಈ ತಿಂಗಳೇ ಕಡಿಮೆಯಾಗಬೇಕೋ, ಆರು ತಿಂಗಳು ಕಾಯಲು ಸಿದ್ಧವೋ? ಬೇಗ ಕೆಲಸ ಮಾಡುವುದು ಒಂದು, ಹೆಚ್ಚು ಕೆಲಸ ಮಾಡುವುದು ಇನ್ನೊಂದು.

ಮೂರು, ನಿಮಗೆ ಯಾವುದು ಕೂಡದು? ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಚರಿತ್ರೆ, ಬಿಪಿ, ಕಣ್ಣೆದುರು ಮಿಂಚು ಬಂದು ಶುರುವಾಗುವ ಮೈಗ್ರೇನ್, ಸ್ತನ ಕ್ಯಾನ್ಸರ್, ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ, ಫಿಟ್ಸ್, ಆಸ್ತಮಾ. ಇವುಗಳಲ್ಲಿ ಯಾವುದಿದ್ದರೂ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಹಂತ 5: ಈಗ ಔಷಧಗಳನ್ನು ಎದುರುಬದುರು ಇಡಿ

ಟ್ರಾನೆಕ್ಸಾಮಿಕ್ ಆಮ್ಲ. ಹಾರ್ಮೋನ್ ಅಲ್ಲ. ಹೆಪ್ಪು ಬೇಗ ಕರಗದಂತೆ ಮಾಡುತ್ತದೆ, ಅಷ್ಟೇ. ರಕ್ತ ಸುಮಾರು ಅರ್ಧದಷ್ಟು ಇಳಿಯಬಹುದು. ಮಗು ಬಯಸುವವರೂ ಮುಟ್ಟಿನ ದಿನಗಳಲ್ಲಿ ತೆಗೆದುಕೊಳ್ಳಬಹುದು. ರೂಢಿಯ ಪ್ರಮಾಣ ದಿನಕ್ಕೆ ಮೂರು ಸಲ 1 ಗ್ರಾಂ, ಅಂದರೆ 500 ಮಿಲಿಗ್ರಾಮಿನ ಎರಡೆರಡು ಮಾತ್ರೆ, ಹೆಚ್ಚೆಂದರೆ ನಾಲ್ಕು ದಿನ.

ಸೋಲುವುದು ಎಲ್ಲಿ ಗೊತ್ತೇ? ನನ್ನ ಅತ್ತಿಗೆ ಮೂರನೇ ದಿನ, ತೀರಾ ತಡೆಯಲಾಗದೆ ಹೋದಾಗ ಒಂದು ಮಾತ್ರೆ ನುಂಗುತ್ತಿದ್ದರು. ಅಷ್ಟರಲ್ಲಿ ಹೆಚ್ಚಿನ ರಕ್ತ ಹೋಗಿಯೇ ಆಗಿರುತ್ತದೆ. ಜೋರು ಶುರುವಾದ ದಿನವೇ ಶುರು ಮಾಡಬೇಕು. ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚು ಓಡುವುದು ಟ್ರಾನೆಕ್ಸಾಮಿಕ್ 500, ಮೆಫೆನಾಮಿಕ್ 250 ಸೇರಿದ ಜೋಡಿ ಮಾತ್ರೆ. ದಿನಕ್ಕೆ ಮೂರು ನುಂಗಿದರೆ ಎರಡೂ ಔಷಧ ರೂಢಿಯ ಪ್ರಮಾಣದ ಅರ್ಧ ಮಾತ್ರ ಸಿಕ್ಕಂತಾಯಿತು. "ಈ ಔಷಧ ನನಗೆ ಹಿಡಿಯಲಿಲ್ಲ" ಎನ್ನುವ ಮೊದಲು ಪ್ರಮಾಣ ಸಾಕಿತ್ತೇ ಎಂದು ಡಾಕ್ಟರನ್ನು ಕೇಳಿ. ನೀವಾಗಿಯೇ ದುಪ್ಪಟ್ಟು ಮಾಡಬೇಡಿ.

ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಇದು ಬೇಡ. ಈಸ್ಟ್ರೋಜನ್ ಎಂಬ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆಯ ಜೊತೆಗೂ ಬೇಡ. ಮೂತ್ರಪಿಂಡ ದುರ್ಬಲವಿದ್ದರೆ ಪ್ರಮಾಣ ಇಳಿಸಬೇಕು. ಒಂದೇ ಕಾಲು ಊದಿ ನೋಯುವುದು, ಎದೆನೋವು, ದೃಷ್ಟಿ ಮಂಜಾಗುವುದು ಕಂಡರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಮೆಫೆನಾಮಿಕ್ ಆಮ್ಲ. ನೋವಿನ ಮಾತ್ರೆ ಎಂದೇ ಎಲ್ಲರಿಗೂ ಪರಿಚಯ. ರಕ್ತವನ್ನೂ ಕಾಲು ಭಾಗದಿಂದ ಅರ್ಧದವರೆಗೆ ಇಳಿಸುತ್ತದೆ. ಟ್ರಾನೆಕ್ಸಾಮಿಕ್‌ನಷ್ಟು ಗಟ್ಟಿಯಲ್ಲ, ಆದರೆ ಹೊಟ್ಟೆನೋವೂ ಇದ್ದವರಿಗೆ ಒಂದೇ ಮಾತ್ರೆಯಲ್ಲಿ ಎರಡು ಕೆಲಸ. ಸಾಮಾನ್ಯವಾಗಿ 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಊಟದ ನಂತರ. ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ, ನೋವಿನ ಮಾತ್ರೆಗೆ ಕೆರಳುವ ಆಸ್ತಮಾ, ರಕ್ತ ಹೆಪ್ಪುಗಟ್ಟದ ದೋಷ ಇರುವವರಿಗೆ ಬೇಡ. ಇದರಿಂದ ಅಪರೂಪಕ್ಕೆ ಬರುವ ತೀವ್ರ ಅಲರ್ಜಿಯ ಬಗ್ಗೆ ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ಕೊನೆಯಲ್ಲಿ ಎಚ್ಚರಿಕೆ ಕೊಟ್ಟಿದೆ. ಮಾತ್ರೆ ಶುರು ಮಾಡಿದ ಕೆಲವು ವಾರಗಳಲ್ಲಿ ಜ್ವರ, ಮೈಮೇಲೆ ಗುಳ್ಳೆ, ಕುತ್ತಿಗೆಯಲ್ಲಿ ಗಂಟು ಕಂಡರೆ ನಿಲ್ಲಿಸಿ ತೋರಿಸಿ.

ಹಾರ್ಮೋನ್ ಇರುವ ಗರ್ಭಕೋಶದ ಸಾಧನ. ಔಷಧಗಳಲ್ಲಿ ರಕ್ತವನ್ನು ಅತಿ ಹೆಚ್ಚು ಇಳಿಸುವುದು ಇದೇ. ಶೇ 71ರಿಂದ 95ರವರೆಗೆ ಎಂದು ಲೆಕ್ಕ. ನೋಡಲು ಕಾಪರ್-ಟಿಯಂತೆಯೇ ಇಂಗ್ಲಿಷಿನ ಟಿ ಆಕಾರ. ಗೊಂದಲ ಶುರುವಾಗುವುದೇ ಇಲ್ಲಿ. ಕಾಪರ್-ಟಿ ರಕ್ತ ಹೆಚ್ಚಿಸಬಹುದು. ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ತುಂಬಿದ ಈ ಸಾಧನ ಇಳಿಸುತ್ತದೆ. "ಟಿ ಹಾಕಿಸಿ" ಎಂದು ಡಾಕ್ಟರು ಹೇಳಿದರೆ ಯಾವ ಟಿ ಎಂದು ಕೇಳಿ. ಮಿರೇನಾ, ಎಮಿಲಿ ಎಂಬ ಹೆಸರುಗಳು ಇದರವು.

ಹಾಕಿಸಿದ ಮೊದಲ ಮೂರರಿಂದ ಆರು ತಿಂಗಳು ಹನಿ ಹನಿ ರಕ್ತ ಆಗಾಗ ಕಾಣಿಸುತ್ತದೆ. ಬಹಳ ಜನ ಎರಡನೇ ತಿಂಗಳಿಗೇ ಬೇಸತ್ತು ತೆಗೆಸುತ್ತಾರೆ. ದುಡ್ಡೂ ಹೋಯಿತು, ಫಲವೂ ಸಿಗಲಿಲ್ಲ. ಆ ಹನಿಗೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡವರಿಗೆ ಮಾತ್ರ ಇದು. ಬ್ರಿಟನ್ನಿನಲ್ಲಿ 571 ಹೆಂಗಸರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಎಕ್ಲಿಪ್ಸ್ ಅಧ್ಯಯನದಲ್ಲಿ, ಎರಡು ವರ್ಷದ ನಂತರವೂ ಈ ಸಾಧನವನ್ನು ಮುಂದುವರಿಸಿದವರು ಶೇ 64, ಮಾತ್ರೆಗಳನ್ನು ಮುಂದುವರಿಸಿದವರು ಶೇ 38. ಮುಟ್ಟು ಪೂರ್ತಿ ನಿಂತುಹೋಗಲೂಬಹುದು. "ಕೆಟ್ಟ ರಕ್ತ ಒಳಗೇ ಉಳಿಯುತ್ತೆ" ಎಂಬ ಹೆದರಿಕೆ ಬೇಡ. ಒಳಪದರವೇ ತೆಳ್ಳಗಾಗಿರುತ್ತದೆ, ಉಳಿಯಲು ಅಲ್ಲಿ ಏನೂ ಇರುವುದಿಲ್ಲ. ಫೈಬ್ರಾಯ್ಡ್ ದೊಡ್ಡದಾಗಿ ಗರ್ಭಕೋಶದ ಒಳಜಾಗ ಸೊಟ್ಟಗಾಗಿದ್ದರೆ ಸಾಧನ ಜಾರಿಬೀಳುವ ಸಾಧ್ಯತೆ ಜಾಸ್ತಿ.

ಗರ್ಭನಿರೋಧಕ ಮಾತ್ರೆ. ಇಲ್ಲಿ ಹೇಳುತ್ತಿರುವುದು ಈಸ್ಟ್ರೋಜನ್ ಇರುವ, ದಿನಾ ನುಂಗುವ ಮಾತ್ರೆ; ಮಾಲಾ-ಎನ್, ಮಾಲಾ-ಡಿ ಇದೇ ಗುಂಪಿನವು. ಮಾಲಾ-ಎನ್ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಮುಟ್ಟು ಏರುಪೇರು ಇರುವವರಿಗೆ, ಮಗು ಸದ್ಯಕ್ಕೆ ಬೇಡ ಎನ್ನುವವರಿಗೆ ಹೊಂದುತ್ತದೆ. ಗುಣ ಗೊತ್ತಾಗಲು ಎರಡು ಮೂರು ತಿಂಗಳು ಬೇಕು. ಬಿಪಿ ನೋಡದೆ ಶುರು ಮಾಡಬೇಡಿ. ಬಿಪಿ, ಮಿಂಚಿನ ಮೈಗ್ರೇನ್, ಹೆಪ್ಪುಗಟ್ಟಿದ ಚರಿತ್ರೆ, ಸ್ತನ ಕ್ಯಾನ್ಸರ್, 35 ದಾಟಿ ಬೀಡಿ ಸಿಗರೇಟು ಸೇದುವುದು, ಇತ್ತೀಚಿನ ಹೆರಿಗೆ, ಇವಿದ್ದರೆ ಬೇಡ. ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಫಿಟ್ಸ್‌ಗೆ ಫೆನಿಟಾಯಿನ್, ಕಾರ್ಬಮಜೆಪಿನ್ ನಡೆಯುತ್ತಿದ್ದರೆ ಈ ಮಾತ್ರೆಯ ಶಕ್ತಿ ಕುಗ್ಗುತ್ತದೆ.

ನಾರ್‌ಎಥಿಸ್ಟರೋನ್. ಹೆಸರು ಕೇಳದಿದ್ದರೂ ನಿಮಗೆ ಗೊತ್ತಿರುತ್ತದೆ. ಗೃಹಪ್ರವೇಶ, ಮದುವೆ, ತಿರುಪತಿ ಯಾತ್ರೆ ಬಂದಾಗ ಮುಟ್ಟು ಮುಂದೂಡಲು ನುಂಗುವ ಮಾತ್ರೆಯೇ ಇದು. ಜೋರಾಗಿ ಹೋಗುತ್ತಿರುವ ರಕ್ತವನ್ನು ನಿಲ್ಲಿಸಲೂ ಬಳಸುತ್ತಾರೆ. ಮಾತ್ರೆ ಬಿಟ್ಟ ಎರಡು ನಾಲ್ಕು ದಿನಕ್ಕೆ ಮತ್ತೆ ರಕ್ತ ಬರುತ್ತದೆ. ಅದು ಮಾತ್ರೆ ಸೋತದ್ದಲ್ಲ, ಅದರ ಸ್ವಭಾವವೇ ಹಾಗೆ. ಗಾಬರಿಯಾಗಿ ಮತ್ತೆ ಅದನ್ನೇ ಶುರು ಮಾಡುವವರು ತಿಂಗಳುಗಟ್ಟಲೆ ಈ ಸುಳಿಯಲ್ಲೇ ಸುತ್ತುತ್ತಾರೆ.

ಪ್ರತಿ ತಿಂಗಳ ಚಿಕಿತ್ಸೆಯಾಗಿ ಕೊಡುವಾಗ ಮುಟ್ಟಿನ 5ನೇ ದಿನದಿಂದ 26ನೇ ದಿನದವರೆಗೆ, 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಹೀಗೆ ಕೊಟ್ಟರೆ ರಕ್ತ ಚೆನ್ನಾಗಿಯೇ ಇಳಿಯುತ್ತದೆ. ಮುಟ್ಟಿಗೆ ಮುಂಚಿನ ಹತ್ತು ದಿನ ಮಾತ್ರ ಕೊಡುವ ಕ್ರಮ ಇದೆಯಲ್ಲ, ಅದು ಕ್ರಮವಾಗಿ ಬಂದು ಜೋರಾಗಿ ಹೋಗುವ ಮುಟ್ಟಿಗೆ ಪ್ರಯೋಜನವಿಲ್ಲ. ನಿಮ್ಮ ಚೀಟಿಯಲ್ಲಿ ಎಷ್ಟು ದಿನ ಬರೆದಿದೆ, ನೋಡಿ. ಹೊಟ್ಟೆ ಉಬ್ಬರ, ಮನಸ್ಸು ಕುಗ್ಗುವುದು, ಸ್ತನ ನೋವು ಸಾಮಾನ್ಯ. ಹೆಪ್ಪುಗಟ್ಟಿದ ಚರಿತ್ರೆ ಇದ್ದರೆ ಇದಕ್ಕೂ ಎಚ್ಚರ ಬೇಕು.

ಆರ್ಮೆಲಾಕ್ಸಿಫೀನ್. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ನಮ್ಮ ದೇಶದ ಔಷಧ. ಸಹೇಲಿ, ಛಾಯಾ ಎಂಬ ಗರ್ಭನಿರೋಧಕಗಳಲ್ಲಿ ಇರುವುದು ಇದೇ, 30 ಮಿಲಿಗ್ರಾಂ. ಹೆಚ್ಚು ರಕ್ತಸ್ರಾವಕ್ಕೆ ಕೊಡುವಾಗ 60 ಮಿಲಿಗ್ರಾಂ, ಮೊದಲ 12 ವಾರ ವಾರಕ್ಕೆ ಎರಡು ಸಲ, ಮುಂದಿನ 12 ವಾರ ವಾರಕ್ಕೊಂದು ಸಲ. ದಿನಾ ನುಂಗುವ ರಗಳೆ ಇಲ್ಲ. ಆದರೆ ವಾರದ ದಿನ ಮರೆತೇ ಹೋಗುತ್ತದೆ, ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಟ್ಟು ಹಿಂದೆ ಸರಿಯುವುದು ಇದರ ಗುಣ. ತೀರಾ ತಡವಾದರೆ ಬಸಿರಿನ ಪರೀಕ್ಷೆ ಮಾಡಿ. ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಬರುವ ಅಂಡಾಶಯದ ತೊಂದರೆ), ಪಿತ್ತಜನಕಾಂಗದ ಕಾಯಿಲೆ ಇದ್ದವರಿಗೆ ಬೇಡ.

ಉಳಿದವುಗಳ ಬಗ್ಗೆ ಚುಟುಕಾಗಿ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಎಂಬ ಗರ್ಭನಿರೋಧಕ ಇಂಜೆಕ್ಷನ್ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಶುರುವಿನಲ್ಲಿ ಮುಟ್ಟು ದಿಕ್ಕೆಟ್ಟು ಬರುತ್ತದೆ, ಕ್ರಮೇಣ ಕಡಿಮೆಯಾಗುತ್ತದೆ. ನಿಲ್ಲಿಸಿದ ಮೇಲೆ ಬಸಿರಾಗಲು ತಿಂಗಳುಗಳೇ ಬೇಕು. ತಾತ್ಕಾಲಿಕವಾಗಿ ಮುಟ್ಟು ನಿಲ್ಲಿಸುವ ಲ್ಯುಪ್ರೊಲೈಡ್‌ನಂಥ ಇಂಜೆಕ್ಷನ್ ಮುಖ್ಯವಾಗಿ ಆಪರೇಷನ್ನಿಗೆ ಮುಂಚೆ ಕೆಲವು ತಿಂಗಳಿಗೆ, ಯಾಕೆಂದರೆ ಮೂಳೆ ಸವೆಯುತ್ತದೆ. ರಕ್ತ ನಿಲ್ಲಿಸಲೆಂದು ಕೊಡುವ ಎಥಾಮ್ಸೈಲೇಟ್ ನಮ್ಮ ಚೀಟಿಗಳಲ್ಲಿ ಬಹಳ ಕಾಣಿಸುತ್ತದೆ. ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2007ರಲ್ಲೇ ಈ ತೊಂದರೆಗೆ ಅದನ್ನು ಬಳಸಬೇಡಿ ಎಂದಿತ್ತು. ಅದೊಂದನ್ನೇ ಬರೆದಿದ್ದರೆ, ಟ್ರಾನೆಕ್ಸಾಮಿಕ್ ಕೊಡಬಹುದೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಹಂತ 6: ಆರಿಸಿದ್ದನ್ನು ಮೂರು ಮುಟ್ಟು ಅಳೆಯಿರಿ

ಮೊದಲ ಹಂತದ ಅಂಕಿ ಕೆಲಸಕ್ಕೆ ಬರುವುದು ಈಗ. ಔಷಧಕ್ಕೆ ಮುಂಚೆ 240 ಇದ್ದದ್ದು ಮೂರನೇ ಮುಟ್ಟಿಗೆ 110 ಆಗಿದ್ದರೆ ಅದು ಕೆಲಸ ಮಾಡುತ್ತಿದೆ, ಇನ್ನೂ "ಜಾಸ್ತಿ" ಅನ್ನಿಸಿದರೂ. ಆಗ ಅದನ್ನು ಬಿಡುವ ಬದಲು ಇನ್ನೊಂದನ್ನು ಸೇರಿಸಬಹುದೇ ಎಂದು ಕೇಳಬೇಕು. 240 ಇದ್ದದ್ದು 220 ಆಗಿದ್ದರೆ, ಒಂದೂ ತಪ್ಪಿಸದೆ ನುಂಗಿದ್ದೀರಿ ಎಂದಾದರೆ, ಬದಲಿಸುವ ಹೊತ್ತು. ಹಾರ್ಮೋನ್ ಸಾಧನಕ್ಕೆ ಮಾತ್ರ ಆರು ತಿಂಗಳ ಗಡುವು ಕೊಡಿ.

ಅಂಕಿಯ ಪಕ್ಕದಲ್ಲೇ ಎಷ್ಟು ಮಾತ್ರೆ ತಪ್ಪಿತು, ಯಾವ ದಿನ ಶುರು ಮಾಡಿದಿರಿ ಎಂದೂ ಬರೆಯಿರಿ. ತಪ್ಪಿದ್ದನ್ನು ಮುಚ್ಚಿಟ್ಟರೆ ಡಾಕ್ಟರು ಇನ್ನೂ ಜೋರಿನ ಔಷಧಕ್ಕೆ ಹೋಗುತ್ತಾರೆ. ಮೂರು ತಿಂಗಳಿಗೆ ಹಿಮೋಗ್ಲೋಬಿನ್ ಮತ್ತೆ ನೋಡಿಸಿ.

ಹಂತ 7: ಆಪರೇಷನ್ ಮಾತು ಬಂದರೆ

ಕೆಲವರಿಗೆ ಆಪರೇಷನ್ನೇ ಸರಿಯಾದ ದಾರಿ. ದೊಡ್ಡ ಫೈಬ್ರಾಯ್ಡ್, ಬಯಾಪ್ಸಿಯಲ್ಲಿ ಕೆಟ್ಟ ಬದಲಾವಣೆ, ಸರಿಯಾಗಿ ತೆಗೆದುಕೊಂಡ ಔಷಧಗಳೂ ಸೋತದ್ದು. ಆಗ ತಡ ಮಾಡುವುದರಲ್ಲಿ ಜಾಣತನವಿಲ್ಲ. ಆದರೆ 35ರ ಹೆಂಗಸಿಗೆ, ಒಂದು ಸ್ಕ್ಯಾನಿಂಗ್ ನೋಡಿ, "ಮಕ್ಕಳಾಯ್ತಲ್ಲ, ಇನ್ಯಾಕೆ ಗರ್ಭಕೋಶ" ಎಂದರೆ ನೋಟ್‌ಬುಕ್ ಹಿಡಿದು ಇನ್ನೊಬ್ಬ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ.

ಅಲ್ಲಿ ಕೇಳಬೇಕಾದದ್ದು ಇಷ್ಟು. ಒಂಬತ್ತರಲ್ಲಿ ನನ್ನ ಕಾರಣ ಯಾವುದು? ಹಾರ್ಮೋನ್ ಸಾಧನ ನನಗೆ ಯಾಕೆ ಆಗುವುದಿಲ್ಲ? ಪಾಲಿಪ್ ಅಥವಾ ಫೈಬ್ರಾಯ್ಡ್ ಮಾತ್ರ ತೆಗೆಯಲು ಬರುತ್ತದೆಯೇ? ಗರ್ಭಕೋಶ ತೆಗೆಯಲೇಬೇಕು ಎಂದಾದರೆ ಅಂಡಾಶಯಗಳನ್ನು ಉಳಿಸುತ್ತೀರಾ, ಅವನ್ನೂ ತೆಗೆಯುತ್ತೀರಾ? ಕೊನೆಯ ಪ್ರಶ್ನೆಯನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ, ಉತ್ತರವನ್ನು ಅದೇ ಪತ್ರದಲ್ಲಿ ಬರೆಸಿ.